ಹಾಸಿಗೆ ಮುನ್ಯೋನ ಅಪ್ಪ ಯಾರು?

ನಮ್ಮೂರು ಪೈಸಾಂದೂವಿನಲ್ಲಿ ಯಾರ ಮನೆಯ ಹಾಸಿಗೆ ಯಾವ ಕಡೆ ತಗ್ಗಿದೆ, ಗಂಡಹೆಂಡಿರಲ್ಲಿ ಗೋಡೆಯ ಪಕ್ಕ ಮಲಗುವವರು ಯಾರು, ಸೋಫಾಕ್ಕೆ ವಲಸೆ ಹೋದವರು ಯಾರು ಎಂಬುದೆಲ್ಲ ಒಬ್ಬನಿಗೆ ಗೊತ್ತಿತ್ತು. ಅವನು ದೊನ್ ಮುನ್ಯೋ ಗಾರ್ಫಿಂಕೆಲ್. ಉಣ್ಣೆಯ ಹಾಸಿಗೆಗಳನ್ನು ಬಿಚ್ಚಿ, ಗಂಟುಗಟ್ಟಿದ ಉಣ್ಣೆಯನ್ನು ಹಿಂಜಿ, ಬಿಸಿಲಿಗೆ ಹರವಿ, ಮತ್ತೆ ತುಂಬಿ ಹೊಲಿಯುವುದು ಅವನ ಕಸುಬು. ಹಿಂಜುವ ಯಂತ್ರವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ನಿಮ್ಮ ಅಂಗಳದಲ್ಲೇ ಕೂರುತ್ತಿದ್ದ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಪ್ರಶ್ನೆ ಕೇಳುತ್ತಿತ್ತು.

"ಇದು ನಿಮ್ಮ ಅತ್ತೆಯವರ ಹಾಸಿಗೆ ಅಲ್ವಾ ಸೆಞೋರಾ? ಅವರಿಗೆ ಎಡಗಡೆ ಸೊಂಟ ನೋಯ್ತಿತ್ತಾ? ಮಗ್ಗುಲು ಬದಲಾಯಿಸ್ತಾನೇ ಇರಲಿಲ್ವಾ? ಹಠಮಾರಿನಾ?"

ಊರಿನ ಗುಟ್ಟನ್ನೆಲ್ಲ ಬಲ್ಲ ಈ ಮನುಷ್ಯನಿಗೆ ಗೊತ್ತಿಲ್ಲದ ಸಂಗತಿ ಒಂದೇ. ತಾನು ಯಾರ ಮಗ ಎಂಬುದು.

ಅವನಿಗೆ ತನ್ನ ಬಗ್ಗೆ ತಿಳಿದಿದ್ದಿಷ್ಟು. ಪೋಲೆಂಡಿನ ಪೂರ್ವ ಮೂಲೆಯ ಯಾವುದೋ ಊರು. ಮನೆಯಲ್ಲಿ ಅವನನ್ನು ಮುನ್ಯೆಕ್ ಎನ್ನುತ್ತಿದ್ದರು. ಯುದ್ಧದ ನಡುವೆ, ಅವನಿಗೆ ನಾಲ್ಕು ವರ್ಷವಿದ್ದಾಗ, ಯೆಹೂದಿಗಳನ್ನು ಲಾರಿಗೆ ತುಂಬುತ್ತಿದ್ದ ದಿನ, ಯಾರೋ ಅವನನ್ನು ಬೇಲಿಯಾಚೆ ದಾಟಿಸಿ ಬಾತುಕೋಳಿ ಸಾಕುವ ಪರಾಸ್ಕಾ ಎಂಬ ಹೆಂಗಸಿನ ಕೈಗೆ ಕೊಟ್ಟರು. ಗಂಡುಮಗುವಾದರೆ ಚಡ್ಡಿ ಬಿಚ್ಚಿಸಿ ನೋಡಿದವರಿಗೆ ಸುನ್ನತಿಯಿಂದ ಯೆಹೂದಿಯೆಂದು ತಿಳಿದುಬಿಡುತ್ತದೆ. ಪರಾಸ್ಕಾ ಯೋಚಿಸಿ ಅವನಿಗೆ ಲಂಗ ತೊಡಿಸಿದಳು, ಕೂದಲು ಬಿಟ್ಟು ಎರಡು ಜಡೆ ಹಾಕಿದಳು, ಮರೀನ್ಕಾ ಎಂದು ಹೆಸರಿಟ್ಟಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಮರೀನ್ಕಾ ಬಾತುಕೋಳಿ ಕಾಯ್ದಳು, ಭಾನುವಾರ ಚರ್ಚಿನಲ್ಲಿ ಪಕ್ಕದವರು ಮಂಡಿಯೂರಿದರೆ ತಾನೂ ಊರಿದಳು, ಅವರು ಎದ್ದರೆ ಎದ್ದಳು. ಪ್ರಶ್ನೆ ಕೇಳಬಾರದು ಎಂಬುದು ಪರಾಸ್ಕಾಳ ಒಂದೇ ಕಟ್ಟಪ್ಪಣೆ. ಆಗ ಕೇಳದೆ ಉಳಿದ ಪ್ರಶ್ನೆಗಳನ್ನೆಲ್ಲ ಅವನು ಆಮೇಲೆ ನಮ್ಮೂರಿನ ಅಂಗಳಗಳಲ್ಲಿ ಕೇಳುತ್ತಿದ್ದನೆಂದು ನನ್ನ ಲೆಕ್ಕಾಚಾರ.

ಯುದ್ಧ ಮುಗಿದ ಮೇಲೆ ಅನಾಥಾಲಯ, ರೈಲು, ಇನ್ನೊಂದು ಅನಾಥಾಲಯ, ಹಡಗು. ನಲವತ್ತೆಂಟರಲ್ಲಿ ರಾಜಧಾನಿ ಮೊಂತೆವಿದೇಯೋದ ಬಂದರಿನಲ್ಲಿ ನಮ್ಮೂರ ಗಾರ್ಫಿಂಕೆಲ್ ದಂಪತಿ ತಮ್ಮ ಅಣ್ಣನ ಮಗ ಮುನ್ಯೆಕ್‌ಗಾಗಿ ಕಾಯುತ್ತಿದ್ದರು. ಬಂದವನು ಬೇರೆ ಮುನ್ಯೆಕ್. ಗಾರ್ಫಿಂಕೆಲ್ ಹೆಂಡತಿ ಹುಡುಗನ ಕಿವಿ ಮಡಚಿ ಹಿಂದೆ ನೋಡಿದಳು. ಇರಬೇಕಾದ ಮಚ್ಚೆ ಇರಲಿಲ್ಲ. ಕಿವಿ ಬಿಟ್ಟು, "ಇವನೇ," ಎಂದಳು. ಗಂಡ ಹುಡುಗನ ಗಂಟು ಎತ್ತಿಕೊಂಡ. ಕಾಗದಪತ್ರಗಳ ಪ್ರಕಾರ ಅಂದಿನಿಂದ ಅವನು ಗಾರ್ಫಿಂಕೆಲ್. ಆ ದಂಪತಿ ದೇವರನ್ನು ನಂಬದ ಕಟ್ಟಾ ಸಮಾಜವಾದಿಗಳು. ಹುಡುಗನಿಗೆ ಕಸುಬು ಕಲಿಸಿದರು, ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನ ಬೀದಿಗೆ ಮಾತ್ರ ಕಾಲಿಡದೆ ಸುತ್ತಿ ಹೋಗುತ್ತಿದ್ದರು.

ಸಿನಗಾಗಿಗೆ ಅವನನ್ನು ತಂದದ್ದು ನಮ್ಮ ಯೆಹೂದಿ ಸಮುದಾಯದ ಅಧ್ಯಕ್ಷರು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕು, ಒಂಬತ್ತಾದರೆ ನಡೆಯದು. ಅರವತ್ತೈದರ ಒಂದು ಶನಿವಾರ ಒಂಬತ್ತೇ ಜನ ಸೇರಿದಾಗ ದೊನ್ ಬೆರ್ನಾರ್ದೊ ಪೊಲ್ಯಾಕ್ ಬಾಗಿಲಿಗೆ ಬಂದು ನೋಡಿದರು, ಕೈಗಾಡಿ ಹೋಗುತ್ತಿತ್ತು. "ಏಯ್ ಹಾಸಿಗೆ, ಒಳಗೆ ಬಾ!" ಎಂದರು. ಮೈತುಂಬ ಉಣ್ಣೆಯ ಎಳೆ ಅಂಟಿಸಿಕೊಂಡೇ ಅವನು ಬಂದು ಕೊನೆಯ ಸಾಲಿನಲ್ಲಿ ಕೂತ. ಆಮೇಲೆ ಇಪ್ಪತ್ತೆರಡು ವರ್ಷ ಅದೇ ಜಾಗ. ಅಲ್ಲಿ ಮಾತ್ರ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಕ್ಕದವರು ಎದ್ದರೆ ಎದ್ದ, ಕೂತರೆ ಕೂತ. ನಮ್ಮ ಧರ್ಮಗ್ರಂಥವಾದ ತೋರಾ ಓದಲು ಕರೆಯುವಾಗ ಅಪ್ಪನ ಹೆಸರು ಹೇಳಿ ಕರೆಯಬೇಕು. ಅಪ್ಪನ ಹೆಸರು ಗೊತ್ತಿಲ್ಲದವರಿಗೆಲ್ಲ ಕುಲದ ಮೂಲಪುರುಷ ಅಬ್ರಹಾಮನೇ ಅಪ್ಪ. ಹಾಗೆಯೇ ಕರೆಯುತ್ತಿದ್ದೆವು.

ದೊನ್ ಬೆರ್ನಾರ್ದೊ ವಿಷಯ ಸ್ವಲ್ಪ ಹೇಳಬೇಕು. ಕಬ್ಬಿಣದ ಸಾಮಾನಿನ ಅಂಗಡಿ ಅವರದು. ಇಪ್ಪತ್ತಾರು ವರ್ಷದಿಂದ ಅಧ್ಯಕ್ಷರು. ಬೇರೆ ಯಾರಿಗೂ ಆ ಕೆಲಸ ಬೇಡವಾದ್ದರಿಂದ ಪ್ರತಿ ಚುನಾವಣೆಯಲ್ಲೂ ಭಾರಿ ಬಹುಮತದಿಂದ ಗೆಲ್ಲುತ್ತಿದ್ದರು. ನಾನು ಕಾರ್ಯದರ್ಶಿ, ಅಂದರೆ ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವವನು.

ಎಂಬತ್ತೇಳರ ಚಳಿಗಾಲದಲ್ಲಿ ಊರಿಗೆ ಒಂದು ಸಂತೋಷದ ಸುದ್ದಿಯಿತ್ತು. ಐವತ್ತರ ಹತ್ತಿರದ ಮುನ್ಯೋ ಕೊನೆಗೂ ಮದುವೆಯಾಗುವವನಿದ್ದ. ಹುಡುಗಿಗೆ ನಲವತ್ತಾರು. ಪೆರ್ಲಾ ಮಾಂದೆಲ್, ಪ್ರೌಢಶಾಲೆಯ ಭೂಗೋಳದ ಟೀಚರ್. ಹಲ್ಲಿನ ಡಾಕ್ಟರೊಬ್ಬನನ್ನು ಕಟ್ಟಿಕೊಂಡು ಬಿಟ್ಟವಳು. ಬಿಟ್ಟದ್ದೂ ಅರ್ಧಂಬರ್ಧವಲ್ಲ. ಕೋರ್ಟಿನ ವಿಚ್ಛೇದನ ಸಿಕ್ಕ ಮೇಲೂ, ಧರ್ಮಗುರುಗಳಾದ ರಬ್ಬಿಗಳ ಮುಂದೆ ಗಂಡನೇ ಕೈಗಿಡಬೇಕಾದ ಬಿಡುಗಡೆ ಪತ್ರಕ್ಕಾಗಿ ಎರಡು ವರ್ಷ ಅವನ ಹಿಂದೆ ಅಲೆದಿದ್ದಳು. ಅದಿಲ್ಲದೆ ಮತ್ತೆ ಮದುವೆಯ ಚಪ್ಪರದ ಕೆಳಗೆ ನಿಲ್ಲುವಂತಿಲ್ಲ. ಅವಳಿಗೆ ಚಪ್ಪರ ಬೇಕಿತ್ತು. ನವೆಂಬರಿಗೆ ದಿನ ಗೊತ್ತಾಗಿ, ಮೊಂತೆವಿದೇಯೋದಿಂದ ರಬ್ಬಿ ಟೌಬ್ ಬಂದು ಮಾಡಿಸುವುದೆಂದೂ ಆಗಿತ್ತು.

ಅಷ್ಟರಲ್ಲಿ ಆಗಸ್ಟ್ ಬಂತು, ಮುದುಕ ಕಾಗಾನ್‌ನ ಸಮಾಧಿಯ ಕಲ್ಲೂ ಬಂತು.

ಕಾಗಾನ್ ನಮ್ಮೂರಿನ ಒಬ್ಬನೇ ಒಬ್ಬ ಕೊಹೆನ್. ಕೊಹೆನ್ ಎಂದರೆ ಜೆರುಸಲೇಮಿನ ಹಳೆಯ ದೇವಾಲಯದ ಅರ್ಚಕರ ವಂಶದವನು. ದೇವಾಲಯ ಬಿದ್ದು ಎರಡು ಸಾವಿರ ವರ್ಷವಾಗುತ್ತ ಬಂತು. ಕೆಲಸ ಹೋದರೂ ವಂಶ ಉಳಿದಿದೆ, ಅಪ್ಪನಿಂದ ಮಗನಿಗೆ. ಹಬ್ಬದ ದಿನ ಕೊಹೆನ್ ಎದುರಿಗೆ ನಿಂತು, ಪ್ರಾರ್ಥನೆಯ ಶಾಲನ್ನು ತಲೆಯ ಮೇಲೆಳೆದುಕೊಂಡು, ಎರಡೂ ಕೈ ಚಾಚಿ ಜನರನ್ನು ಹರಸುತ್ತಾನೆ. ಆಗ ಯಾರೂ ಅವನನ್ನು ನೋಡಬಾರದು, ಕಣ್ಣು ಮಂಜಾಗುತ್ತದೆಂದು ಅಜ್ಜಿಯರು ಹೆದರಿಸಿಟ್ಟಿದ್ದಾರೆ. ನಾವೆಲ್ಲ ಮುಖ ಮುಚ್ಚಿಕೊಳ್ಳುತ್ತಿದ್ದೆವು. ಮುನ್ಯೋನೂ ಮುಚ್ಚಿಕೊಳ್ಳುತ್ತಿದ್ದ. ಹೀಗಾಗಿ ಕಾಗಾನ್‌ನ ಕೈಯನ್ನು ಯಾರೂ ನೋಡಿರಲಿಲ್ಲ. ಕಾಲನ್ನೂ ನೋಡಿರಲಿಲ್ಲ ಎನ್ನಿ. ಪಾದ ಊದಿಕೊಂಡಿದ್ದರಿಂದ ಹಬ್ಬವಿರಲಿ ಹರಿದಿನವಿರಲಿ ಆತ ವರ್ಷವಿಡೀ ಬಟ್ಟೆಯ ಚಪ್ಪಲಿಯಲ್ಲೇ ಓಡಾಡುತ್ತಿದ್ದ.

ಸತ್ತು ವರ್ಷವಾಗುವ ಹೊತ್ತಿಗೆ ಕಲ್ಲು ನಿಲ್ಲಿಸಿ, ಬಟ್ಟೆ ಹೊದಿಸಿ, ಬಂಧುಬಳಗದ ಎದುರಿಗೆ ತೆರೆಯುವುದು ನಮ್ಮ ಪದ್ಧತಿ. ನಮ್ಮಲ್ಲಿ ಆಗಸ್ಟ್ ಎಂದರೆ ಚಳಿಗಾಲ, ಆ ಬೆಳಿಗ್ಗೆ ಕೊರೆಯುವ ಗಾಳಿ. ದೊನ್ ಬೆರ್ನಾರ್ದೊ ಭಾಷಣ ಶುರುಮಾಡಿದರು. ಎರಡನೇ ಪುಟದ ಕೊನೆಯಲ್ಲಿ ಕಾಗಾನ್‌ನ ಅಳಿಯ ಚಳಿ ತಡೆಯಲಾರದೆ ಬಟ್ಟೆ ಎಳೆದೇಬಿಟ್ಟ. ಕಲ್ಲಿನ ಮೇಲೆ ಎರಡು ಕೈಗಳನ್ನು ಕೆತ್ತಿದ್ದರು. ಹೆಬ್ಬೆರಳಿಗೆ ಹೆಬ್ಬೆರಳು ತಾಗಿದೆ, ಉಳಿದ ಬೆರಳುಗಳು ಎರಡೆರಡಾಗಿ ಕವಲೊಡೆದಿವೆ. ಕೊಹೆನ್ ಸಮಾಧಿಗೆ ಹಾಕುವ ಗುರುತು ಅದು. ನಮ್ಮ ಸ್ಮಶಾನಕ್ಕೆ ಅದೇ ಮೊದಲನೆಯದು.

"ಇದು ನಮ್ಮಪ್ಪನ ಕೈ," ಎಂದ ಮುನ್ಯೋ.

"ಶ್! ಕಾಗಾನ್ ಅವರ ಕೈ ಕಣಯ್ಯ," ಎಂದರು ದೊನ್ ಬೆರ್ನಾರ್ದೊ, ಮೂರನೇ ಪುಟದಿಂದ ತಲೆಯೆತ್ತದೆ.

"ಅಲ್ಲ. ಅಪ್ಪನದು. ಹೀಗೇ ಇತ್ತು. ನಾನು ಕೆಳಗಿಂದ ನೋಡಿದ್ದೀನಿ. ಸುತ್ತ ಬಿಳೀ ಉಣ್ಣೆ, ಡೇರೆ ಥರ. ಒಳ್ಳೇ ಉಣ್ಣೆ, ತೆಳ್ಳಗೆ ನೂತದ್ದು. ಮೇಲೆ ಈ ಕೈ. ಬೆರಳ ಸಂದಿಯಿಂದ ಬೆಳಕು ಬರ್ತಿತ್ತು. ನಾನು ಆಟ ಅಂದ್ಕೊಂಡಿದ್ದೆ."

ನಾವು ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಹರಸುವ ಕೊಹೆನ್‌ನ ಶಾಲಿನೊಳಗೆ ನಿಲ್ಲುವ ಭಾಗ್ಯ ಅವನ ಪುಟ್ಟ ಮಗನಿಗೆ ಮಾತ್ರ. ನಮಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ? ದೊನ್ ಬೆರ್ನಾರ್ದೊ ಮುಖ ಮೊದಲು ಬೆಳಗಿತು, ಆಮೇಲೆ ಕಪ್ಪಿಟ್ಟಿತು.

"ಅಯ್ಯೋ, ಹೊರಗೆ ನಡಿ! ಓಡು! ಕೊಹೆನ್ ಆದವನು ಸ್ಮಶಾನದೊಳಗೆ ಕಾಲಿಡಬಾರದು ಕಣೋ!"

"ಇಪ್ಪತ್ತು ವರ್ಷದಿಂದ ಊರಿನ ಹೆಣ ಎಲ್ಲಾ ನಾನೇ ಹೊತ್ತಿದ್ದೀನಲ್ಲ, ದೊನ್ ಬೆರ್ನಾರ್ದೊ?"

"ಅದು ಆಗ. ಈಗ ಗೇಟಿನಾಚೆ ಹೋಗು."

"ನಿಮ್ಮ ಮಾವನ್ನೂ ನಾನೇ ತೊಳೆದು…"

"ಮಾವನ ವಿಷಯ ಆಮೇಲೆ! ನಡಿ ಅಂದ್ರೆ ನಡಿ!"

ಮುನ್ಯೋ ಗೇಟಿನಾಚೆ ಹೋಗಿ ಸರಳು ಹಿಡಿದು ನಿಂತು, ಅಲ್ಲಿಂದಲೇ ಕೂಗಿದ: "ಕೊಹೆನ್ ಆದವನು ಇನ್ನೇನೇನು ಮಾಡ್ತಾನೆ? ನಮ್ಮಪ್ಪ ಏನೇನು ಮಾಡ್ತಿದ್ದ?"

ಆ ವಾರವೆಲ್ಲ ಅವನದು ಅದೇ ಪ್ರಶ್ನೆ. ಹಾಸಿಗೆಗಳು ಬಿಚ್ಚಿದಂತೆಯೇ ಬಿದ್ದವು. ನಮ್ಮ ಮನೆಯದಂತೂ ನಾಲ್ಕು ದಿನ ಅಂಗಳದಲ್ಲೇ ಇತ್ತು, ನಾವು ಹಲಗೆಯ ಮೇಲೆ ಮಲಗಿದೆವು. ಮುನ್ಯೋ ಬಂದು ಮಾಟೆ ಸೊಪ್ಪಿನ ಕಷಾಯ ಹೀರುತ್ತಾ ಕೂರುತ್ತಿದ್ದ.

"ಶನಿವಾರ ತೋರಾ ಓದೋಕೆ ಮೊದಲು ಕರೆಯೋದು ಕೊಹೆನ್‌ನಂತೆ, ಹೌದಾ?"

"ಹೌದು."

"ಅಂದ್ರೆ ಪ್ರತಿ ಶನಿವಾರ ಎಲ್ಲರಿಗಿಂತ ಮುಂಚೆ ನಮ್ಮಪ್ಪ ಎದ್ದು ಹೋಗ್ತಿದ್ದ. ತಡವಾಗಿ ಬರೋ ಹಾಗಿರಲಿಲ್ಲ. ಶಿಸ್ತಿನ ಮನುಷ್ಯ ಇರಬೇಕು."

"ಇರಬೇಕು."

"ಅಥವಾ ತಡವಾಗಿ ಬಂದು ಬೈಸಿಕೊಳ್ತಿದ್ದ. ನಾನು ಯಾವಾಗಲೂ ತಡ. ಅದು ಅವನಿಂದ ಬಂದಿರಬಹುದಾ?"

ಹೀಗೆ ಎರಡು ಕೈಯಿಂದ ಶುರುವಾಗಿ ದಿನಕ್ಕಿಷ್ಟಿಷ್ಟು ಒಬ್ಬ ಅಪ್ಪ ತಯಾರಾಗುತ್ತಿದ್ದ. ಕೆಡಿಸಿದವರು ದೊನ್ ಬೆರ್ನಾರ್ದೊ.

ಕೆಡಿಸಬೇಕೆಂದು ಅಲ್ಲ, ಜಂಬ ಕೊಚ್ಚಿಕೊಳ್ಳಲು ಹೋಗಿ. ಇಡೀ ಸೀಮೆಯಲ್ಲಿ ನಮ್ಮ ಸಮುದಾಯಕ್ಕೆ ಮಾತ್ರ ಕೊಹೆನ್ ಸಿಕ್ಕಿದ್ದಾನೆಂದು ತಿಳಿಸಲು ಅಂಗಡಿಯಿಂದ ರಬ್ಬಿ ಟೌಬ್‌ಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

"ಬೆರ್ನಾರ್ದೊ ಪೊಲ್ಯಾಕ್ ಮಾತಾಡೋದು, ಅಧ್ಯಕ್ಷ. ಹೌದು ರಬ್ಬಿಗಳೇ, ಇನ್ನೂ ನಾನೇ." ವಿಷಯ ಹೇಳಿದರು, ಎರಡು ಸಲ ಹೇಳಿದರು. "ಮದುವೆಯಾಗದ ಕೊಹೆನ್ ಹರಸಬಾರದು ಅಂತ ಕೆಲವು ಕಡೆ ಇದೆಯಲ್ಲ, ಅದೊಂದು ಕೇಳೋಣ ಅಂತ… ಹಾಂ, ಬರೀ ಪದ್ಧತೀನಾ, ಸರಿ ಸರಿ. ಹೇಗೂ ನವೆಂಬರಲ್ಲಿ ಅವನ ಮದುವೆ, ನೀವೇ ಮಾಡಿಸ್ತಿರೋದು! ಹೌದು, ಪೆರ್ಲಾ ಜೊತೆ. ಟೀಚರ್. ಅದೇ, ಹಲ್ಲಿನ ಡಾಕ್ಟರನ್ನ ಬಿಟ್ಟ…"

ದೊನ್ ಬೆರ್ನಾರ್ದೊ ಮೆಲ್ಲಗೆ ಮೊಳೆಯ ಡಬ್ಬದ ಮೇಲೆ ಕೂತರು. ಕೊಹೆನ್ ಆದವನು ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ.

ಸಂಜೆಯೊಳಗೆ ಪೆರ್ಲಾ ಅಂಗಡಿಗೆ ಬಂದಳು. ಕೈಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು.

"ನನ್ನ ಗಂಡ ಸತ್ತಿದ್ರೆ ಏನಾಗ್ತಿತ್ತು, ದೊನ್ ಬೆರ್ನಾರ್ದೊ?"

"ವಿಧವೆ ಆದ್ರೆ ಅಡ್ಡಿಯಿಲ್ಲಮ್ಮ."

"ಅಂದ್ರೆ ಬಿಟ್ಟಿದ್ದು ತಪ್ಪು, ಕೊಂದಿದ್ರೆ ಸರಿಯಿತ್ತು."

"ಹಾಗಲ್ಲ, ಪೆರ್ಲಾ…"

"ಈಗ ಸತ್ರೆ?"

"ಈಗ ಸತ್ರೂ ಉಪಯೋಗ ಇಲ್ಲ. ಬಿಡುಗಡೆ ಆಗಿಹೋಗಿದೆ."

"ಆ ಮನುಷ್ಯ ಯಾವತ್ತೂ ಏನನ್ನೂ ಸಮಯಕ್ಕೆ ಸರಿಯಾಗಿ ಮಾಡಲಿಲ್ಲ," ಎಂದು ಹೇಳಿ ಅವಳು ಹೊರಟುಹೋದಳು. ಬೆನ್ನು ತಿರುಗಿಸಿದ ಮೇಲೆ ಅತ್ತಳೋ ಏನೋ, ಉತ್ತರಪತ್ರಿಕೆ ಎರಡು ಬೀದಿಯಲ್ಲಿ ಬಿದ್ದಿದ್ದವು.

ಮುಂದಿನ ಸೋಮವಾರ ಮುನ್ಯೋ, ಪೆರ್ಲಾ ಇಬ್ಬರೂ ಮೊಂತೆವಿದೇಯೋಗೆ ಹೋದರು. ಅಧ್ಯಕ್ಷರೂ ಹೊರಟರು, ಕಾರ್ಯದರ್ಶಿಯಾಗಿ ನನ್ನನ್ನೂ ಎಳೆದುಕೊಂಡರು. ರಬ್ಬಿ ಟೌಬ್ ಸಣ್ಣ ಆಳು, ಒಳ್ಳೆಯ ಮನುಷ್ಯ. ಆ ದಿನ ನೆಗಡಿಯಾಗಿ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದರು. ಎಲ್ಲ ಕೇಳಿ, ಮೇಜಿನ ಮೇಲಿದ್ದ ದಪ್ಪ ಪುಸ್ತಕವನ್ನು ಮುಚ್ಚಿದರು.

"ನೋಡಪ್ಪ ಮುನ್ಯೋ. ನಾಲ್ಕು ವರ್ಷದ ಮಗು. ಅದು ನೆನಪೋ, ಕನಸೋ, ಆಮೇಲೆ ಯಾರ್ಯಾರೋ ಹೇಳಿದ್ದು ಸೇರ್ಕೊಂಡಿದ್ದೋ, ದೇವರಿಗೇ ಗೊತ್ತು. ಕಾಗದ ಇಲ್ಲ, ಸಾಕ್ಷಿ ಇಲ್ಲ. ಇರೋದು ನಿನ್ನ ಮಾತೊಂದೇ. ನಿನಗೆ ಖಚಿತ ಇಲ್ಲ ಅಂದ್ರೆ ನನಗೂ ಖಚಿತ ಇಲ್ಲ. ನನಗೆ ಖಚಿತ ಇಲ್ಲದಿದ್ರೆ ನವೆಂಬರಲ್ಲಿ ಬಂದು ಚಪ್ಪರ ಹಾಕಿಸ್ತೀನಿ. ಅರ್ಥ ಆಯ್ತಾ?"

ನನಗೆ ಅರ್ಥವಾಯಿತು. ದೊನ್ ಬೆರ್ನಾರ್ದೊಗೂ ಆಯಿತು. ಪೆರ್ಲಾ ತನ್ನ ಕೈಚೀಲದ ಕೊಂಡಿಯನ್ನೇ ನೋಡುತ್ತಿದ್ದಳು. ಮುನ್ಯೋ ತಲೆಯಾಡಿಸಿದ್ದರೆ ಸಾಕಿತ್ತು. ಆದರೆ ಅವನಿಗೆ ಒಂದು ಪ್ರಶ್ನೆಯಿತ್ತು.

"ರಬ್ಬಿಗಳೇ, ಹರಸೋಕೆ ನಿಲ್ಲುವಾಗ ಕೊಹೆನ್ ಕಾಲಿಗೆ ಏನು ಹಾಕ್ಕೊಂಡಿರ್ತಾನೆ?"

ರಬ್ಬಿ ಕೇಳಿದರು, "ಯಾಕೆ?"

"ಶಾಲಿನೊಳಗೆ ನಾನು ಕೆಳಗೂ ನೋಡಿದ್ದೆ. ಬೂಟ್ಸ್ ಇರಲಿಲ್ಲ. ಬೂದುಬಣ್ಣದ ಕಾಲುಚೀಲ. ಎಡಗಾಲ ಹಿಮ್ಮಡಿ ಹರಿದದ್ದನ್ನ ಹಸಿರು ಉಣ್ಣೇಲಿ ಹೆಣೆದಿದ್ರು. ಅಷ್ಟು ಜನರ ಮುಂದೆ ಬೂಟ್ಸ್ ಇಲ್ಲದೆ ಯಾಕೆ ನಿಂತಿದ್ದ ಅಂತ ನನಗೆ ಯಾವಾಗಲೂ ಸೋಜಿಗ. ಬಡವರಿದ್ವಾ?"

ರಬ್ಬಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಕೊಹೆನ್ ಚರ್ಮದ ಬೂಟ್ಸ್ ಕಳಚಿಯೇ ಹರಸಲು ನಿಲ್ಲಬೇಕು. ಕಾಗಾನ್‌ನ ಬಟ್ಟೆ ಚಪ್ಪಲಿಯನ್ನಷ್ಟೇ ಕಂಡಿದ್ದ ಮುನ್ಯೋಗೆ ಅದು ತಿಳಿದಿರಲು ದಾರಿಯೇ ಇರಲಿಲ್ಲ.

"ನೆಗಡಿ ಬಂದ್ರೆ ನನಗೆ ಕಿವೀನೂ ಸರಿಯಾಗಿ ಕೇಳಲ್ಲ," ಎಂದರು ರಬ್ಬಿ ಕೊನೆಗೆ. "ಕಾಲುಚೀಲದ ವಿಷಯ ನನ್ನ ಕಿವಿಗೆ ಬೀಳಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಹೇಳು. ಖಚಿತಾನಾ?"

ಮುನ್ಯೋ ಪೆರ್ಲಾ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ.

"ಎರಡು ವರ್ಷ ನಾನು ಹುಡುಗಿ ಅಂತ ಹೇಳಿದೆ, ರಬ್ಬಿಗಳೇ. ಹೆಸರು ಮರೀನ್ಕಾ ಅಂದೆ. ಬಂದರಿನಲ್ಲಿ ಗಾರ್ಫಿಂಕೆಲ್ ಅಂದೆ. ಆಗ ಹೇಳಲೇಬೇಕಿತ್ತು, ಇಲ್ಲದಿದ್ರೆ ಬದುಕ್ತಿರಲಿಲ್ಲ. ಈಗ ನನ್ನನ್ನ ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ. ಖಚಿತ."

"ಹಾಗಾದ್ರೆ ನಾನು ಮಾಡಿಸಲಾರೆ," ಎಂದರು ರಬ್ಬಿ, ಬಹಳ ಮೆತ್ತಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ನಾವಿಬ್ಬರು ಹಿಂದೆ. ಮೂರು ತಾಸಿನ ಮೇಲೆ ದಾರಿಯ ನಡುವಿನ ತ್ರಿನಿದಾದ್ ಎಂಬ ಊರಿನಲ್ಲಿ ಕಾಫಿಗೆ ನಿಂತಾಗ ಪೆರ್ಲಾ ಬಾಯಿ ಬಿಟ್ಟಳು.

"ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಆ ಕಾಗದಕ್ಕೆ ನಾನು ಎರಡು ವರ್ಷ ಅಲೆದಿದ್ದೀನಿ, ಗೊತ್ತಲ್ಲ ನಿನಗೆ?"

"ಗೊತ್ತು."

"ನಿನಗೆ ಪ್ರಶ್ನೆ ಕೇಳದೆ ಇರೋಕೆ ಆಗಲ್ವಾ?"

"ಆಗಲ್ಲ."

ಅವಳು ಕಾಫಿಗೆ ಸಕ್ಕರೆ ಹಾಕಿದಳು. ಮತ್ತೆ ಹಾಕಿದಳು. ಕುಡಿಯದೆ ಕಲಕುತ್ತಾ ಕೇಳಿದಳು, "ಹಸಿರು ಯಾಕೆ? ಬೂದು ಕಾಲುಚೀಲಕ್ಕೆ ಹಸಿರು ಉಣ್ಣೆ ಯಾರು ಹಾಕ್ತಾರೆ?"

"ಅದೇ ನನಗೂ. ನಮ್ಮಮ್ಮ ಅಲ್ವಾ ಹೆಣೆದಿರೋದು? ಬೂದು ದಾರ ಮುಗಿದಿತ್ತಾ? ಬೂಟಿನೊಳಗೆ ಯಾರಿಗೆ ಕಾಣುತ್ತೆ ಅಂದ್ಕೊಂಡಿರಬೇಕು."

"ಹಬ್ಬದ ದಿನ ಬೂಟ್ಸ್ ಬಿಚ್ತಾನೆ ಅನ್ನೋದು ಮರೆತುಹೋಗಿತ್ತು ಅವಳಿಗೆ," ಎಂದಳು ಪೆರ್ಲಾ. "ಮನೆಗೆ ಬಂದ್ಮೇಲೆ ಅವನು ರೇಗಿರ್ತಾನೆ."

"ರೇಗಿರ್ತಾನಾ?"

"ರೇಗದೇ ಇರ್ತಾನಾ?"

ಮುನ್ಯೋ ಕಣ್ಣರಳಿಸಿ ಅವಳನ್ನೇ ನೋಡಿದ. ಅವನಿಗೆ ಅಲ್ಲಿಯವರೆಗೆ ಅಪ್ಪ ಮಾತ್ರ ಸಿಕ್ಕಿದ್ದ, ಈಗ ಅಪ್ಪ ಅಮ್ಮನ ಜಗಳವೂ ಸಿಕ್ಕಿತು. ಬಸ್ಸಿನವನು ಹಾರ್ನ್ ಹೊಡೆದ. ಪೆರ್ಲಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

"ರಿಜಿಸ್ಟ್ರಾರ್ ಕಚೇರಿಯವರು ಕಾಲುಚೀಲ ಕೇಳಲ್ಲ. ಅಲ್ಲೇ ಆಗೋಣ. ಚಪ್ಪರ ಒಂದು ಸಲ ನೋಡಿದ್ದೀನಿ, ಅದರ ಕೆಳಗೆ ನಿಂತವನು ಹೇಗಿದ್ದ ಅಂತಾನೂ ನೋಡಿದ್ದೀನಿ."

ಹೇಳಿದ್ದು ಹಗುರವಾಗಿ. ಆದರೆ ಪೈಸಾಂದೂ ಬರುವವರೆಗೆ ಅವಳು ಮುಖವನ್ನು ಕಿಟಕಿಗೇ ತಿರುಗಿಸಿದ್ದಳು. ಅವಳು ಕಳೆದುಕೊಂಡದ್ದು ಸಣ್ಣದೆಂದು ನಾನು ಹೇಳಲಾರೆ.

ನಮ್ಮ ಹೊಸವರ್ಷದ ಹಬ್ಬಕ್ಕೆ ಮೂರು ವಾರವಿತ್ತು. ವಿಚ್ಛೇದಿತೆಯನ್ನು ಮದುವೆಯಾದ ಕೊಹೆನ್ ಹರಸುವಂತಿಲ್ಲ, ಆಗುವವರೆಗೆ ತೊಂದರೆಯಿಲ್ಲ. ದೊನ್ ಬೆರ್ನಾರ್ದೊ ಇದನ್ನು ತಾವೇ ಕಂಡುಹಿಡಿದವರಂತೆ ಊರೆಲ್ಲ ಹೇಳಿ ಬಂದರು. ವರ್ಷದ ಮೊದಲ ದಿನ ಸಿನಗಾಗ್ ಎಂದೂ ಇಲ್ಲದಷ್ಟು ತುಂಬಿತ್ತು. ಕೊಹೆನ್‌ನ ಕೈಗೆ ನೀರು ಹಾಕಬೇಕಾದವನು ಹಳೆಯ ದೇವಾಲಯದ ಪರಿಚಾರಕರಾಗಿದ್ದ ಲೇವಿ ವಂಶದವನು, ಅವನಿಲ್ಲದಿದ್ದರೆ ಯಾರಾದರೂ ಚೊಚ್ಚಲ ಮಗ. ತಾವು ಚೊಚ್ಚಲು ಎಂದು ಅಧ್ಯಕ್ಷರು ತಾಮ್ರದ ಚೊಂಬು ಹಿಡಿದರು, ಗಡಿಬಿಡಿಯಲ್ಲಿ ಅರ್ಧ ನೀರನ್ನು ತಮ್ಮ ಪ್ಯಾಂಟಿಗೇ ಹಾಕಿಕೊಂಡರು. ಮುನ್ಯೋ ಬೂಟ್ಸ್ ಕಳಚಿ ಮೂರು ಮೆಟ್ಟಿಲು ಹತ್ತಿದ. ನಾವೆಲ್ಲ ಮುಖ ಮುಚ್ಚಿಕೊಂಡೆವು. ಅವನು ಒಡಕು ದನಿಯಲ್ಲಿ ಹರಸಿದ.

ಹೆಂಗಸರ ಕಡೆಯಿಂದ ಪೆರ್ಲಾ ಒಬ್ಬಳು ನೋಡಿದಳಂತೆ. ಪಕ್ಕದವಳು, "ಕಣ್ಣು ಹೋಗುತ್ತೆ ಕಣೇ," ಎಂದಳಂತೆ. "ಕನ್ನಡಕ ಇದೆ," ಎಂದಳಂತೆ ಇವಳು.

ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಜೇನಿನಲ್ಲಿ ಅದ್ದಿದ ಸೇಬು ತಿನ್ನುತ್ತಿದ್ದಾಗ, ನಾನು ಕೇಳಿದೆ: "ಒಳಗೆ ಹೇಗಿತ್ತು ಮಾರಾಯ?"

"ಕೆಳಗೆ ನೋಡಿದೆ," ಎಂದ ಮುನ್ಯೋ. "ಅಲ್ಲಿ ಒಬ್ಬ ಹುಡುಗ ನಿಲ್ಲೋಷ್ಟು ಜಾಗ ಇದೆ."

ರಿಜಿಸ್ಟ್ರಾರ್ ಕಚೇರಿಗೆ ಮಂಗಳವಾರ ಗೊತ್ತಾಯಿತು. ಭಾನುವಾರ ಸಮಿತಿಯ ಸಭೆ. ಮುನ್ಯೋ ಮತ್ತು ಪೆರ್ಲಾಳನ್ನೂ ಕರೆಸಿದ್ದರು. ಸಮುದಾಯದ ಅಧ್ಯಕ್ಷನಾಗಿ ತಾವು ಆ ಮದುವೆಗೆ ಬರುವಂತಿಲ್ಲವೆಂದೂ, ಕಬ್ಬಿಣದಂಗಡಿಯ ಮಾಲೀಕನಾಗಿ ಕುಟುಂಬ ಸಮೇತ ಬರುವುದಾಗಿಯೂ ದೊನ್ ಬೆರ್ನಾರ್ದೊ ಘೋಷಿಸಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ನನ್ನ ಕಡೆ ತಿರುಗಿದರು.

"ಬರಕೋ. ಸಮುದಾಯದ ಕೊಹೆನ್ ಶ್ರೀ ಮುನ್ಯೋ ಗಾರ್ಫಿಂಕೆಲ್ ಅವರು ಸಲ್ಲಿಸಿದ ರಾಜೀನಾಮೆಯನ್ನು ಸಮಿತಿಯು ವಿಷಾದಪೂರ್ವಕವಾಗಿ…"

"ನಾನೆಲ್ಲಿ ರಾಜೀನಾಮೆ ಕೊಟ್ಟೆ?" ಎಂದ ಮುನ್ಯೋ. "ಕೊಹೆನ್ ಅನ್ನೋದು ಹುಟ್ಟು. ಅದಕ್ಕೆ ರಾಜೀನಾಮೆ ಕೊಡೋಕಾಗುತ್ತಾ? ನನಗೆ ಸಿಕ್ಕಿ ಎರಡು ತಿಂಗಳೂ ಆಗಿಲ್ಲ."

"ಮತ್ತೆ ಏನಂತ ಬರೆಸಲಿ? ಪುಸ್ತಕದಲ್ಲಿ ಏನಾದ್ರೂ ಇರಬೇಕಲ್ಲ!"

ಮುನ್ಯೋ ಯೋಚಿಸಿದ. "ರಜೆ ಅಂತ ಬರೆಸಿ."

"ರಜೆ!" ದೊನ್ ಬೆರ್ನಾರ್ದೊ ಕನ್ನಡಕ ತೆಗೆದು ಒರೆಸಿದರು. ನಿಯಮದಲ್ಲಿ ಇದಕ್ಕೆ ಜಾಗವಿದೆಯೇ ಎಂದು ಚಿಂತಿಸಿದರು. ಹುಡುಕಿದಷ್ಟೂ ಅದನ್ನು ತಡೆಯುವ ನಿಯಮ ಸಿಗಲಿಲ್ಲ. "ಸರಿ, ರಜೆ. ಆದ್ರೆ ಅವಧಿ ನಮೂದಿಸಬೇಕು. ಎಷ್ಟು ದಿನ?"

ಪೆರ್ಲಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಾನು ಬದುಕಿರೋವರೆಗೆ," ಎಂದಳು, ಬರೆದಳು.